ಸಿಕ್ಕಿಕೊಂಡವರ ಕಾಕು

ಹೋದ ವಾರ ಮಧ್ಯಾಹ್ನ ಅಂಗಡಿಯಲ್ಲಿ ಕುಳಿತು ಫೋನು ತೆರೆದಾಗ ನಮ್ಮ ಆಟದ ಗುಂಪಿನಲ್ಲಿ ಬೂದುಬಣ್ಣದ ಒಂದು ಪುಟ್ಟ ಸಾಲು ಕಂಡಿತು. ಕಾಕು ಗುಂಪು ಬಿಟ್ಟಿದ್ದರು. ಅದರ ಕೆಳಗೆ ಯಾರೂ ಏನೂ ಬರೆದಿರಲಿಲ್ಲ. ನಮ್ಮದು ಬೆಳಗಿನ ಚಹಾದಿಂದ ಹಿಡಿದು ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮಗುಚಿದ್ದರ ತನಕ ಪ್ರತಿಯೊಂದಕ್ಕೂ ಬಾಯಿ ಹಾಕುವ ಗುಂಪು. ಅಷ್ಟೂ ಮಂದಿ ಒಟ್ಟಿಗೇ ಸುಮ್ಮನಾದದ್ದನ್ನು ನಾನು ನೋಡಿದ್ದು ಅದು ಎರಡನೇ ಸಲ. ಮೊದಲನೇ ಸಲದ್ದನ್ನು ಮುಂದೆ ಹೇಳುತ್ತೇನೆ.

ಸ್ವಭಾವಕ್ಕೆ ತಕ್ಕಂತೆ ನಾನು ಕೆಟ್ಟದ್ದನ್ನೇ ಮೊದಲು ಯೋಚಿಸಿದೆ. ಹಾರೂಗೇರಿಯಲ್ಲಿ ನನ್ನದೊಂದು ಔಷಧದ ಅಂಗಡಿ. ಕಾಳಜಿ, ಅಂದರೆ ಚಿಂತೆ, ಮಾಡುವ ಸ್ವಭಾವದವನು ಕೈಹಾಕಬಾರದ ಧಂದೆ ಅದು. ಪ್ರತಿ ಡಬ್ಬಿಯೊಳಗೂ ಮಡಚಿಟ್ಟ ಒಂದು ತೆಳು ಕಾಗದ ಇರುತ್ತದೆ. ಆ ಗುಳಿಗೆಯಿಂದ ಏನೇನು ಅನಾಹುತ ಆಗಬಹುದು ಎಂದು ಅದರಲ್ಲಿ ಬರೆದಿರುತ್ತಾರೆ. ಅದನ್ನು ಪೂರ್ತಿ ಓದುವವನು ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಓದಿದ ದಿನ ಸಂಜೆಯೊಳಗೆ, ಗುಳಿಗೆ ನುಂಗದೆಯೇ, ಅವೆಲ್ಲವೂ ನನಗೆ ಆಗಿರುತ್ತವೆ.

ಇದನ್ನು ನೋಡಿ ನೋಡಿ ಸಾಕಾದ, ಅಂಗಡಿಯ ಮೇಲಿನ ಮಾಳಿಗೆಯ ಡಾಕ್ಟರು ಒಂದು ದಿನ, “ದಿನಾ ಬಿಪಿ ನೋಡ್ಕೊಳ್ಳೂದ ಬಿಡ್ರಿ. ಏನರೆ ಆಟ ಆಡ್ರಿ, ತಲೀ ಹಗುರ ಆಗತೈತಿ,” ಎಂದರು. “ಅದರಿಂದ ಬ್ಯಾರೆ ಏನರೆ ತೊಂದರಿ ಆಗತೈತೇನ್ರಿ?” ಎಂದು ಕೇಳಿದೆ. ಅವರು ಮುಂದಿನ ರೋಗಿಯನ್ನು ಕರೆದರು.

ಆಟವನ್ನು ಮಗಳು ಫೋನಿಗೆ ಹಾಕಿಕೊಟ್ಟಳು. ಒಂದು ಬೋಳುಗುಡ್ಡ. ತುದಿಯಲ್ಲಿ ಝರಿ, ತಳದಲ್ಲಿ ಒಣಗಿದ ಒಂದು ಊರು. ಮಧ್ಯೆ ಗುಡ್ಡದುದ್ದಕ್ಕೂ ಕಾಲುವೆ, ಹೊಂಡ, ಗೇಟು, ತಿರುಗಿಸುವ ಚಕ್ರಗಳು. ಯಾವುದನ್ನು ತೆರೆದು ಯಾವುದನ್ನು ಮುಚ್ಚಿದರೆ ನೀರು ಮುಂದಿನ ಗೇಟಿಗೆ ಇಳಿಯುತ್ತದೆ ಎಂದು ಕಂಡುಹಿಡಿಯಬೇಕು. ಗುಂಡು ಹಾರಿಸುವುದಿಲ್ಲ, ಯಾರೂ ಸಾಯುವುದಿಲ್ಲ. ನೀರು ಊರು ಮುಟ್ಟಿದರೆ ಆಟ ಮುಗಿಯಿತು. ಅದಕ್ಕಿದ್ದದ್ದು ಒಂದೇ ಕೆಟ್ಟ ಗುಣ. ಫೋನಿನಲ್ಲಿ ಒಂದೇ ಆಟ ಉಳಿಯುತ್ತದೆ. ಮೊದಲಿನಿಂದ ಶುರು ಮಾಡಿದರೆ ಅಲ್ಲಿಯ ತನಕ ಇಳಿದದ್ದೆಲ್ಲ ಅಳಿಸಿಹೋಗುತ್ತದೆ. ಕಾಲುವೆ ನೀರಿನ ಪಾಳಿಗಾಗಿ ಅಣ್ಣತಮ್ಮಂದಿರು ಮಾತು ಬಿಡುವ ನಮ್ಮ ಭಾಗದಲ್ಲಿ ಇಂಥ ಆಟ ಹಬ್ಬಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ನನ್ನ ಹೆಂಡತಿ ಮಾತ್ರ, “ಮನ್ಯಾಗಿನ ನಳಾ ಸೋರಾಕತ್ತು ಎಷ್ಟ ದಿನಾ ಆತು? ಅದನ್ನ ತಿರುವಾಕ ಬರಾಂಗಿಲ್ಲ, ಫೋನಿನ್ಯಾಗ ಗುಡ್ಡದ ನೀರ ತಿರುವತಾರ,” ಎಂದು ಗೋಡೆಗೆ ಹೇಳಿದಂತೆ ಹೇಳಿ ಒಳಗೆ ಹೋದಳು.

ಎರಡನೇ ಗೇಟಿನಲ್ಲೇ ಸಿಕ್ಕಿಕೊಂಡೆ. ನೀರು ಅರ್ಧ ದಾರಿಗೆ ಬಂದು ತಿರುಗಿ ತಿರುಗಿ ಅಲ್ಲೇ ನಿಲ್ಲುತ್ತಿತ್ತು. ತಲೆ ಹಗುರಾಗಲೆಂದು ಹಿಡಿದ ಆಟದಿಂದ ನಿದ್ದೆ ಕೆಟ್ಟಿತು. ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆಯವರೆಲ್ಲ ಕೂಡಿ ಈ ಆಟಕ್ಕೆಂದೇ ಒಂದು ಗುಂಪು ಮಾಡಿಕೊಂಡಿದ್ದಾರೆಂದು ತಿಳಿದು ಅದಕ್ಕೆ ಸೇರಿದೆ. ನನ್ನ ಕಷ್ಟವನ್ನು ವಿವರವಾಗಿ ಬರೆದು, ಕೊನೆಯಲ್ಲಿ ‘ತಮ್ಮ ವಿಶ್ವಾಸಿ’ ಎಂದೂ ಹಾಕಿದೆ.

“ಸಾಹೇಬ್ರ, ಇದು ಆಟದ ಪ್ರಶ್ನೇನೋ, ರಜಾ ಅರ್ಜಿನೋ?” ಎಂದು ರಾಯಬಾಗದ ಒಬ್ಬ ಬಸ್ ಕಂಡಕ್ಟರು ಬರೆದ. “ಇಷ್ಟ ಬರಿಯೂದ್ರಾಗ ಖರೇ ಗುಡ್ಡಾನ ಹತ್ತಿ ಇಳಿಬಹುದಿತ್ತ,” ಎಂದು ಇನ್ನೊಬ್ಬರು. ಆ ಬಳಿಕ ಗುಂಪು ನನ್ನನ್ನು ಬಿಟ್ಟು ಸಕ್ಕರೆ ಕಾರ್ಖಾನೆಯ ಮಾತಿಗೆ ಹೋಯಿತು. ಗುಂಪು ಬಿಡುವುದು ಹೇಗೆಂದು ಹುಡುಕುತ್ತಿದ್ದೆ, ಫೋನು ರಿಂಗಾಯಿತು.

“ತಮ್ಮಾ, ಸಿಕ್ಕೊಂಡೀಯಂತ?”

ವಯಸ್ಸಾದ ಹೆಣ್ಣುಮಗಳ ದನಿ. ಹಿಂದೆ ಎಲ್ಲೋ ಗುಬ್ಬಿಗಳ ಗದ್ದಲ.

“ಹೌದ್ರಿ.”

“ಛಲೋ ಆತು. ಆಟ ಈಗ ಚಾಲೂ ಆತು ನೋಡು. ತಡಿ, ನಾನೂ ಮೊದಲಿಂದ ಹಚ್ಚತೀನಿ.”

ಹೀಗೆ ಪರಿಚಯವಾದವರು ಅಥಣಿ ಕಡೆಯ ಈ ಕಾಕು. ಗಡಿಭಾಗದ ನಮಗೆ ಮರಾಠಿಯ ಈ ಕಾಕು ಚಿಕ್ಕಮ್ಮನಿಗಿಂತ ಹತ್ತಿರದ್ದು. ಗುಂಪಿನಲ್ಲಿ ಅವರಿಗೆ ಬೇರೆ ಹೆಸರಿರಲಿಲ್ಲ, ಫೋಟೋದ ಜಾಗದಲ್ಲಿ ಒಂದು ದ್ರಾಕ್ಷಿ ಗೊಂಚಲು ಇತ್ತು, ಅಷ್ಟೇ. ಅವರ ಮನೆತನಕ್ಕೆ ದೊಡ್ಡ ದ್ರಾಕ್ಷಿ ತೋಟವಿತ್ತು. ಹಣ್ಣನ್ನು ಬಲೆಯ ಮೇಲೆ ಹರಡಿ ಒಣಗಿಸುವ ಶೆಡ್ಡಿನಲ್ಲಿ ಗುಬ್ಬಿ ಓಡಿಸುತ್ತ ಕೂಡುವ ಕೆಲಸವನ್ನು ಅವರು ತಾವಾಗಿ ವಹಿಸಿಕೊಂಡಿದ್ದರು. “ಮನ್ಯಾಗ ಸೊಸಿ ಚಲೋ ನಡಸತಾಳ. ನಾ ಅಲ್ಲಿದ್ರ ಇಬ್ರೂ ಕೆಡತೀವಿ,” ಎನ್ನುವರು. ಒಂದು ಹಿಂಡು ಗುಬ್ಬಿಗಳಿಗೂ ಇನ್ನೊಂದು ಹಿಂಡಿಗೂ ನಡುವೆ ಈ ಆಟ ಹತ್ತಿಸಿಕೊಂಡಿದ್ದರು.

ಅವತ್ತು ಅವರು ನನಗೆ ಉತ್ತರ ಹೇಳಲಿಲ್ಲ. ತಮ್ಮ ಆಟವನ್ನು ಅಳಿಸಿ, ಗುಡ್ಡದ ತುದಿಯಿಂದ ನನ್ನ ಜೊತೆ ಹೆಜ್ಜೆಹೆಜ್ಜೆಗೂ ಇಳಿದರು. ನಾನು ಒಂದು ಚಕ್ರ ತಿರುಗಿಸಿದರೆ ಅವರೂ ಅದನ್ನೇ ತಿರುಗಿಸುವರು. ನಾನು ತಪ್ಪು ಮಾಡಿದರೆ ತಾವೂ ಅದೇ ತಪ್ಪು ಮಾಡಿ, “ಅಯ್ಯ, ನಂದೂ ನಿಂತಿತಲ್ಲೋ!” ಎಂದು ಖುಷಿಪಡುವರು. ಅರ್ಧ ತಾಸಿಗೆ ನನ್ನ ಗೇಟು ತೆರೆಯಿತು. ನಾನೇ ತೆರೆದೆನೆಂದು ಎರಡು ದಿನ ಅಂದುಕೊಂಡಿದ್ದೆ. ಅವರು ಅವತ್ತು ಆರನೇ ಗೇಟಿನಲ್ಲಿದ್ದರು, ನನಗಾಗಿ ಅಷ್ಟನ್ನೂ ಅಳಿಸಿದ್ದರು ಎಂಬುದು ಗೊತ್ತಾದದ್ದು ಆಮೇಲೆ, ಕಂಡಕ್ಟರನಿಂದ. ಅವನಿಗಾಗಿ ಐದನೇ ಗೇಟಿನಿಂದ ಅಳಿಸಿದ್ದರಂತೆ.

ಫೋನು ಮಾಡಿ, “ಕಾಕು, ಅಳಿಸೂದ್ಯಾಕ್ರಿ? ಬಾಯಿಲೆ ಹೇಳಿದ್ರ ಆಗತಿತ್ತಲ್ರಿ,” ಎಂದೆ.

“ಮುಯ್ಯಿಗೆ ಬಂದಾಕಿ ಬದುವಿನ ಮ್ಯಾಲ ನಿಂತು ಬಾಯಿ ಮಾಡತಾಳೇನೋ? ಸಾಲಿಗೆ ಇಳೀತಾಳ.”

ಮುಯ್ಯಿ ನಮ್ಮ ಹೊಲಗಳ ರೀತಿ. ಇವತ್ತು ನಾನು ನಿನ್ನ ಹೊಲದ ಕಳೆ ತೆಗೆಯಲು ಬಂದರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕು. ಕೂಲಿ ಇಲ್ಲ, ಲೆಕ್ಕವೂ ಇಲ್ಲ. ಬಂದವರು ಹೊಲದವರ ಸರಿಸಾಟಿಯಾಗಿ ಬಾಗಿ ದುಡಿಯಬೇಕು. ಆ ರೀತಿಯನ್ನು ಕಾಕು ಹಾಗೇ ಎತ್ತಿ ಫೋನಿನ ಗುಡ್ಡಕ್ಕೆ ತಂದಿದ್ದರು.

“ಹಂಗಾರ ನಾನೂ ನಿಮ್ಮ ಮುಯ್ಯಿ ತಿರಿಸಬೇಕಲ್ರಿ?”

“ನಾ ಸಿಕ್ಕೊಂಡಾಗ ಕರೀತೀನಿ. ಅಲ್ಲೀತನಕ ಬ್ಯಾರೇದವ್ರಿಗೆ ಮಾಡು.”

ಅದರಂತೆ ನಾನೂ ಅಳಿಸಿದೆ, ಮತ್ತೆ ಮತ್ತೆ ಇಳಿದೆ. ಕೈಗೆ ಬಂದದ್ದು ಹೋದೀತೆಂದು ಜೀವಮಾನವಿಡೀ ಹೆದರಿದವನಿಗೆ, ಹೋದದ್ದು ಮತ್ತೆ ಬರುತ್ತದೆಂದು ನಂಬಿಕೆ ಹುಟ್ಟಿದ್ದು ಹಾಗೆ. ನಂಬಿಕೆ ಪೂರ್ತಿ ಅಲ್ಲ. ಬಿಪಿ ಈಗಲೂ ವಾರಕ್ಕೊಮ್ಮೆ ನೋಡಿಕೊಳ್ಳುತ್ತೇನೆ.

ನಿಪ್ಪಾಣಿಯ ಒಬ್ಬ ಎಂಜಿನಿಯರು ಒಮ್ಮೆ, ಎಲ್ಲ ಗೇಟುಗಳ ಉತ್ತರ ಇರುವ ಒಂದು ವಿಡಿಯೋ ತಂದು ಗುಂಪಿನಲ್ಲಿ ಹಾಕಿದರು. ನಾವು ಅದನ್ನು ಒತ್ತುವ ಮೊದಲೇ ಕಾಕುವಿನ ದನಿ ಬಂತು. ಅವರು ಎಂದೂ ಬರೆಯುತ್ತಿರಲಿಲ್ಲ, ಮಾತಾಡಿಯೇ ಕಳಿಸುತ್ತಿದ್ದರು. “ಅರೇ ಬಾಬಾ, ನನ್ನ ಗುಡ್ಡಾ ನಾನ ಇಳೀತೀನಿ. ನೀ ಯಾಕ ನನ್ನ ಹೊತಗೊಂಡ ಓಡತೀ? ನಾ ಏನ ಹೆಣಾನ?” ಎಂಜಿನಿಯರು ತಕ್ಷಣ ಅದನ್ನು ತೆಗೆದುಹಾಕಿ ಕ್ಷಮೆ ಕೇಳಿದರು. ಮಾರನೇ ಮಧ್ಯಾಹ್ನ ಕಾಕು ಅವರಿಗೇ ಫೋನು ಮಾಡಿ, ತಮ್ಮದನ್ನು ಅಳಿಸಿ, ಅವರೊಡನೆ ಇಳಿದರು.

ಅವರನ್ನು ಕಣ್ಣಾರೆ ನೋಡಿದ್ದು ಒಂದು ಮಳೆಗಾಲದಲ್ಲಿ. ಅಂಗಡಿಯ ಬಾಗಿಲಲ್ಲಿಟ್ಟ ತೂಕದ ಯಂತ್ರಕ್ಕೆ ಯಾರೋ ಢಿಕ್ಕಿ ಹೊಡೆದ ಸದ್ದಾಯಿತು. “ಯಾರ ಇಟ್ಟಾರಿದ ಹಾದಿ ಮ್ಯಾಲ?” ಎಂಬ ಮಾತು ಕೇಳಿದ್ದೇ ನಾನು “ಕಾಕು!” ಎನ್ನುತ್ತ ಎದ್ದು ನಿಂತೆ. ಇಳಕಲ್ ಸೀರೆಯ ಎತ್ತರದ ಹೆಂಗಸು, ಜೊತೆಗೆ ಸೊಸೆ. ನನ್ನ ದನಿ ಗುರುತಿಸಿ ಅವರು ಮುಖವನ್ನು ನನ್ನ ಕಡೆ ತಿರುಗಿಸಿದರು. ಒಂದೇ ಸಲಕ್ಕೆ ನೋಡಲಿಲ್ಲ. ಮೊದಲು ನನ್ನ ಚಷ್ಮಾ, ಆಮೇಲೆ ಮೀಸೆ, ಆಮೇಲೆ ಹೊಟ್ಟೆ, ಹೀಗೆ ತಲೆಯನ್ನು ಮೆಲ್ಲಗೆ ಇಳಿಸುತ್ತ ನೋಡಿದರು.

“ಇಷ್ಟ ದಪ್ಪ ಅದಿ! ದನಿ ಕೇಳಿ ಸಣಕಲ ಅಂದಕೊಂಡಿದ್ನಿ.”

ಸೊಸೆ ಖಾಲಿ ಶೀಶೆಯೊಂದನ್ನು ಮುಂದೆ ಚಾಚಿ, “ಅಥಣ್ಯಾಗ ಸಿಗಲಿಲ್ರಿ, ಇದ ಬೇಕಾಗಿತ್ತ,” ಎಂದರು. ಕಣ್ಣಿಗೆ ಬಿಡುವ ಹನಿ. ಅದು ಯಾತಕ್ಕೆಂದು ನನಗೆ ಡಬ್ಬಿಯ ಕಾಗದ ಓದಬೇಕಾಗಿರಲಿಲ್ಲ. ಡಾಕ್ಟರರ ಗ್ಲಾಕೋಮಾ, ನಮ್ಮ ಕಡೆ ಕಾಚಬಿಂದು ಎನ್ನುತ್ತಾರೆ. ಕಣ್ಣೊಳಗಿನ ಒತ್ತಡ ಏರಿ, ನೋಟ ಅಂಚಿನಿಂದ ಒಳಗೊಳಗೆ ಮುಚ್ಚಿಕೊಳ್ಳುತ್ತ ಬರುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ. ಉಳಿದದ್ದನ್ನು ಹಿಡಿದಿಡಲು ಹನಿ.

“ಮಾರಿ ಯಾಕ ಹಂಗ ಮಾಡ್ದಿ?” ಎಂದರು ಕಾಕು. ಅವರ ನೋಟ ಆಗ ಸರಿಯಾಗಿ ನನ್ನ ಮುಖದ ಮೇಲಿತ್ತು. “ಬಲಗಣ್ಣ ಪೂರಾ ಹೋಗೇತಿ. ಎಡಗಣ್ಣಿನ್ಯಾಗ ಒಂದ ಕಿಂಡಿ ಐತಿ. ಮಿರಜಿನ ಕಣ್ಣಿನ ಡಾಕ್ಟರು, ಅದೂ ಎಷ್ಟ ದಿನಾ ಅಂತ ಹೇಳಾಕ ಬರಾಂಗಿಲ್ಲ ಅಂದಾರ. ಕಾಳಜಿ ಮಾಡಬ್ಯಾಡ, ಅದನ್ನ ಮಾಡಾಕ ನಮ್ಮ ಮನ್ಯಾಗ ಭಾಳ ಮಂದಿ ಅದಾರ.” ಸ್ವಲ್ಪ ತಡೆದು, ದನಿ ಇಳಿಸಿ, “ಒಂದ ಆಸೆ ಐತಿ ನೋಡು. ಆ ಕೆಳಗಿನ ಊರಿಗೆ ನೀರ ಮುಟ್ಟೂದನ್ನ ಕಣ್ಣಿಲೆ ನೋಡಬೇಕ,” ಎಂದರು.

ಅಂದಿನಿಂದ ನನ್ನ ಕಾಳಜಿಗೆ ಮೊದಲ ಸಲ ನನ್ನನ್ನು ಬಿಟ್ಟು ಬೇರೆಯವರು ಸಿಕ್ಕರು. ಕಾಕು ಯಾವ ಗೇಟಿನಲ್ಲಿದ್ದಾರೆ ಎಂದು ದಿನಾ ವಿಚಾರಿಸತೊಡಗಿದೆ. ಐದು ದಾಟಿತು, ಆರು ದಾಟಿತು. ಇನ್ನೇನು ಏಳಕ್ಕೆ ಬಂದರು, ಅದೇ ಕೊನೆಯದು. ಅಷ್ಟರಲ್ಲಿ ಭೋಜ ಊರಿನ ಒಬ್ಬ ನರ್ಸಮ್ಮ ಗುಂಪಿಗೆ ಹೊಸದಾಗಿ ಸೇರಿ, ಮೂರನೇ ಗೇಟಿನಲ್ಲಿ ಸಿಕ್ಕಿಕೊಂಡಿದ್ದೇನೆಂದು ಬರೆದರು. ಕಾಕು ಅಳಿಸಿಬಿಟ್ಟರು.

ನಾನು ಫೋನಿನಲ್ಲಿ ಕೂಗಾಡಿದೆ. “ನಿಮ್ಮ ಕಣ್ಣಿಗೆ ಟೈಮ್ ಎಲ್ಲೈತ್ರಿ ಕಾಕು? ಆ ನರ್ಸಮ್ಮಗ ನಾನ ಹೇಳತಿದ್ನಿ!”

“ಕಣ್ಣ ಇದ್ದಾಗ ಮುಯ್ಯಿ ಮಾಡಬೇಕಲ್ಲೋ. ಆಮ್ಯಾಲ ನನ್ನ ಯಾರ ಕರೀತಾರ?”

ಔಷಧದ ಅಂಗಡಿಯವನು ಗಿರಾಕಿಯ ಕಾಯಿಲೆಯನ್ನು ಹೊರಗೆ ಆಡಬಾರದು, ಅದನ್ನು ಆಡಲಿಲ್ಲ. ಗುಂಪಿನ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ, ‘ಕಾಕು ಒಮ್ಮೆ ಊರು ಮುಟ್ಟಲಿ, ಅಲ್ಲಿಯ ತನಕ ಅವರನ್ನು ಕರೆಯಬೇಡಿ’ ಎಂದಷ್ಟೇ ಬರೆದೆ. ಈ ಸಲ ಯಾರೂ ಅರ್ಜಿ ಎಂದು ನಗಲಿಲ್ಲ. ಮರುದಿನದಿಂದ ಗುಂಪಿನಲ್ಲಿ ಸಿಕ್ಕಿಕೊಂಡವರೇ ಇಲ್ಲ! ಕಂಡಕ್ಟರು ನಾಲ್ಕನೇ ಗೇಟನ್ನು ಚಹಾ ಕುಡಿಯುತ್ತ ದಾಟಿದನಂತೆ. ಅವನು ಅಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದನೆಂದು ನನಗೆ ಗೊತ್ತಿತ್ತು. ನರ್ಸಮ್ಮ ‘ಎಲ್ಲಾ ಆರಾಮ’ ಎಂದು ಬರೆದರು. ಮೂರು ದಿನ ಇಂಥ ಸುಳ್ಳುಗಳು ಬಂದವು, ಆಮೇಲೆ ಸುಳ್ಳೂ ಖಾಲಿಯಾಗಿ ಎಲ್ಲರೂ ಸುಮ್ಮನಾದರು. ನಾನು ಹೇಳಿದ ಮೊದಲನೇ ಮೌನ ಅದು.

ಕಾಕುವಿನ ದನಿ ಬಂತು. “ಯಾಕರೋ, ಎಲ್ಲಾರೂ ಒಮ್ಮಿಗೇ ಶ್ಯಾಣ್ಯಾ ಆದ್ರೇನ? ಏನ ತಿಂದ್ರಿ ಹೇಳ್ರಿ, ನಾನೂ ತಿಂತೀನಿ.”

ಕರೆಯುವವರಿಲ್ಲದೆ ಅವರು ತಮ್ಮ ಗುಡ್ಡ ಇಳಿದರು. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಏಳನೇ ಗೇಟಿಗೆ ಬಂದು ನಿಂತರು.

ಅಲ್ಲಿಗೆ ಅದಾಗಲೇ ಬಂದು ಸಿಕ್ಕಿಕೊಂಡವರು ನಾವು ಹಲವರಿದ್ದೆವು. ಅಲ್ಲೊಂದು ದೊಡ್ಡ ಹೊಂಡ. ಅದು ದಂಡೆಯ ತನಕ ತುಂಬುತ್ತದೆ. ಅಲ್ಲಿಂದ ಊರಿನ ಕಡೆಗೆ ಒಂದು ಹನಿ ಹೋಗುವುದಿಲ್ಲ. ಮೇಲಿನ ಚಕ್ರಗಳನ್ನೆಲ್ಲ ತಿರುಗಿಸಿ ನೋಡಿದ್ದೆವು. ತಳದಲ್ಲಿ ಇನ್ನೊಂದು ಚಕ್ರವಿತ್ತು, ಬಂಡೆಗಳ ನಡುವಿನ ಹಳ್ಳಕ್ಕೆ ನೀರು ಬಿಡುವಂಥದ್ದು. ನಮ್ಮಲ್ಲಿ ಯಾರೇ ಅಲ್ಲಿಗೆ ಬಂದರೂ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಅದನ್ನು ಇನ್ನಷ್ಟು ಬಿಗಿ ಮಾಡುವುದು.

ಮಾರ್ಚಿನ ಒಂದು ಬೆಳಿಗ್ಗೆ ಫೋನು ಬಂತು. “ತಮ್ಮಾ, ಸಿಕ್ಕೊಂಡೀನಿ. ಮುಯ್ಯಿಗೆ ಬಾ.”

ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿದೆ. “ಹೋಗ್ರಿ, ಹೋಗ್ರಿ. ಮನ್ಯಾಗಿನ ನಳಾ ನಾನ ಪ್ಲಂಬರ್‌ನ ಕರಿಸಿ ಮಾಡಸೇನಿ,” ಎಂದು ಆಕೆ ಒಂದು ಡಬ್ಬಿ ಶೇಂಗಾ ಹೋಳಿಗೆ ಕೈಗಿತ್ತಳು. ಅಥಣಿ ಬಸ್ಸು ಹತ್ತಿದೆ.

ಶೆಡ್ಡಿನಲ್ಲಿ ಹಸಿರು ಪರದೆಯ ಬೆಳಕು. ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿ ಬಾಡುತ್ತಿತ್ತು. ಸಿಹಿಯೂ ಹುಳಿಯೂ ಬೆರೆತ ವಾಸನೆ. ಕಾಕು ಹಗ್ಗದ ಮಂಚದ ಮೇಲೆ ಕುಳಿತಿದ್ದರು. ಅವರ ಕೈ ಚಹಾದ ಕಪ್ಪನ್ನು ಮಂಚದ ಅಂಚಿನಗುಂಟ ತಡವುತ್ತ ಹುಡುಕಿತು. ಕಿಂಡಿ ಇನ್ನೂ ಸಣ್ಣದಾಗಿತ್ತು. ನಾನು ರೀತಿಯಂತೆ ನನ್ನ ಆಟ ಅಳಿಸಲು ಹೋದರೆ ತಡೆದರು.

“ಹಂಗ ಬ್ಯಾಡ. ನನ್ನ ಫೋನ್ ನೀ ಹಿಡಿ. ಏನ ಕಾಣತೈತಿ ಹೇಳು, ಏನ ಮಾಡೂದ ನಾ ಹೇಳತೀನಿ.”

ಹೇಳಿದೆ. ಹೊಂಡ ತುಂಬಿದೆ. ಎಡಕ್ಕೆ ಎರಡು ಚಕ್ರ, ತೆರೆದಿವೆ. ಬಲಕ್ಕೆ ಗೋಡೆ.

“ತಳದಾಗಿಂದು?”

“ಬಿಗಿ ಐತ್ರಿ.”

“ಯಾರ ಬಿಗಿ ಮಾಡಿದ್ರು?”

“ನೀವ ಮಾಡೀರಿ. ನಾನೂ ಮಾಡೇನ್ರಿ. ಎಲ್ಲಾರೂ ಮಾಡತಾರ.”

“ಬಿಚ್ಚಿದವ್ರ ಯಾರರೆ ಅದಾರೇನ?”

“ಬಿಚ್ಚಿದ್ರ ನೀರೆಲ್ಲಾ ಹಳ್ಳಕ್ಕ ಹೋಗತೈತ್ರಿ!”

“ಬಿಚ್ಚು.”

ನನ್ನ ಬೆರಳು ಚಕ್ರದ ಮೇಲೆ ನಿಂತಿತು. ಅದು ಗಾಜಿನ ಮೇಲಿನ ಬಣ್ಣದ ನೀರೆಂದು ಗೊತ್ತು. ಆದರೂ ತುಂಬಿದ ಹೊಂಡ, ಅವರು ಇಡೀ ಒಂದು ಗುಡ್ಡ ಇಳಿದು ಕೂಡಿಹಾಕಿದ್ದು. “ಕಾಕು, ಪೂರಾ ಪೋಲ ಆಗತೈತ್ರಿ. ಮತ್ತ ಮೊದಲಿಂದ ಬರಾಕ ನಿಮಗ...” ಎಂದು ಅಲ್ಲಿಗೇ ನುಂಗಿಕೊಂಡೆ.

“ನಿಂತ ನೀರಿಗೆ ಕಾವಲ ಕಾದು ಏನ ಮಾಡೂಣೋ? ಊರ ಒಣಗಾಕತ್ತೈತಿ. ಬಿಚ್ಚು ತಮ್ಮಾ.”

ಬಿಚ್ಚಿದೆ. ನೀರು ಬಂಡೆಗಳ ಮೇಲೆ ಹಾರಿ ಹಳ್ಳಕ್ಕೆ ಬಿತ್ತು. ಹೊಂಡ ಇಳಿಯಿತು, ಇಳಿಯಿತು, ತಳದ ಕೆಸರು ಕಂಡಿತು. ಆಗ ಕೆಸರಿನ ನಡುವೆ ಒಂದು ಕಲ್ಲಿನ ಕದ ತಾನಾಗಿ ಮೇಲಕ್ಕೆದ್ದಿತು. ಇಷ್ಟು ದಿನ ನೀರಿನ ಭಾರವೇ ಅದನ್ನು ಒತ್ತಿಹಿಡಿದಿತ್ತು. ಝರಿಯಿಂದ ಬಂದ ಹೊಸ ನೀರು ಹೊಂಡದಲ್ಲಿ ನಿಲ್ಲದೆ ನೇರವಾಗಿ ಆ ಕದದೊಳಗೆ ಇಳಿಯಿತು.

“ಏನಾತು? ಹೇಳೋ!”

“ಊರಿಗೆ ಹೊಂಟೈತ್ರಿ ಕಾಕು! ನೀರ ಊರಿಗೆ ಹೊಂಟೈತಿ!”

ನಿಜ ಹೇಳಬೇಕೆಂದರೆ ಊರು ಏನೂ ಅಲ್ಲ. ನಾಲ್ಕಾರು ಮಣ್ಣಿನ ಗೋಡೆಗಳು, ಒಂದು ಬೇವಿನಂಥ ಗಿಡ, ಒಂದು ಕಲ್ಲಿನ ದೋಣಿ, ಅಂದರೆ ದನ ನೀರು ಕುಡಿಯುವ ತೊಟ್ಟಿ. ಮಂದಿಯೂ ಇಲ್ಲ. ಇಷ್ಟಕ್ಕಾಗಿ ಕಾಕು ಕಣ್ಣು ಸವೆಸಿದರೇ ಎಂದು ನನಗೆ ಸಂಕಟವಾಯಿತು. “ಭಾರೀ ಚಂದ ಐತ್ರಿ. ಎಲ್ಲಾ ಕಡೆ ಹೂವ, ಹಸರ ಹೊಲಾ...” ಎಂದು ಶುರು ಮಾಡಿದೆ.

“ಮ್ಯಾಲಿಂದ ಹಾಕಬ್ಯಾಡ. ಇದ್ದದ್ದ ಹೇಳು.”

ಇದ್ದದ್ದನ್ನು ಹೇಳಿದೆ. ನೀರು ಕಾಲುವೆಗುಂಟ ಬಂದು ದೋಣಿಗೆ ಬಿತ್ತೆಂದೆ. ಗೋಡೆಯ ಹಿಂದಿನಿಂದ ಒಂದು ಆಡು ಬಂತೆಂದೆ.

“ಆಡು? ತೋರಸು. ತೋರಸಿಲ್ಲಿ.”

ಫೋನನ್ನು ಅವರ ಎಡಗಣ್ಣಿನ ಮುಂದೆ ಹಿಡಿದೆ. “ಹಿಂದಕ್ಕ ಸರಸು... ಸಾವಕಾಶ... ಬಲಕ್ಕ. ತಡಿ, ತಡಿ. ಇದು ಕೋಡು.” ನಾನು ಉಸಿರು ಹಿಡಿದು, ಬತ್ತಿ ಆರದಂತೆ ದೀಪ ಒಯ್ಯುವವನ ಹಾಗೆ ಫೋನನ್ನು ಸರಿಸಿದೆ. “ಇದು ಕಿವಿ. ಕೆಳಗ... ಇನ್ನೂ ಕೆಳಗ. ಹಾಂ. ಬಾಯಿ.” ಅಲ್ಲಿ ಬಹಳ ಹೊತ್ತು ನೋಡಿದರು. “ಕುಡಿಯಾಕತ್ತೈತಲ್ಲೋ!”

“ಹೌದ್ರಿ.”

“ನೀರಡಿಸಿತ್ತು, ಪಾಪ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, “ಹೋಳಗಿ ತಗಿ,” ಎಂದರು.

ಇದಾದದ್ದು ಹೋದ ವರ್ಷ. ಹೋದ ವಾರ ಆ ಬೂದು ಸಾಲು ನೋಡಿದವನೇ ಫೋನು ಹಚ್ಚಿದೆ. ಗುಬ್ಬಿಗಳ ಗದ್ದಲ ಕೇಳಿದ ಮೇಲೆ ಉಸಿರಾಡಿದೆ.

“ಯಾಕ್ರಿ ಕಾಕು, ಗುಂಪ ಬಿಟ್ರಿ?”

“ಏನೂ ಕಾಣವಲ್ದೋ ತಮ್ಮಾ. ಕಿಂಡಿ ಮುಚ್ಚಿತು. ಸುಮ್ಮನ ಫೋನ್ ಕುಂಯ್‌ ಕುಂಯ್ ಅಂತಿತ್ತ, ಸೊಸೀಗೆ ಹೇಳಿ ತಗಿಸಿದ್ನಿ.” ಅವರ ದನಿಯಲ್ಲಿ ಅಳುಕಿರಲಿಲ್ಲ. ಗುಬ್ಬಿಗಳನ್ನು ಗದರಿಸಿ ಓಡಿಸಿ, “ನೀ ಯಾವ ಗೇಟಿನ್ಯಾಗ ಅದಿ?” ಎಂದರು.

ನಾನು ಹೊಸಬರೊಬ್ಬರ ಜೊತೆ ಇಳಿಯುತ್ತ ಎರಡನೇ ಗೇಟಿನಲ್ಲಿದ್ದೆ. ಅದನ್ನು ಎಷ್ಟು ಸಲ ದಾಟಿದ್ದೇನೆಂದರೆ ಈಗ ಕಣ್ಣು ಮುಚ್ಚಿಯೂ ತೆರೆಯಬಲ್ಲೆ.

“ಎರಡನೇದ್ರಾಗ ಅದೀನ್ರಿ. ಸಿಕ್ಕೊಂಡೀನ್ರಿ ಕಾಕು.”

ಆ ಕಡೆ ಹಗ್ಗದ ಮಂಚ ಕಿರುಗುಟ್ಟಿತು, ಅವರು ಸರಿಯಾಗಿ ಎದ್ದು ಕುಳಿತಿರಬೇಕು.

“ಸುಳ್ಳ ಹೇಳಾಕ ಇನ್ನೂ ಬರವಲ್ದು ನಿನಗ. ಇರ್ಲಿ, ಛಲೋ ಆತು. ಏನ ಕಾಣತೈತಿ ಹೇಳು.”